ಬಲಗಡೆಯ ಹೂ

ವಿದೇಶಕ್ಕೆ ಯಾರ ಜೊತೆ ಹೋಗಬಾರದಿತ್ತೋ ಅವನ ಜೊತೆಗೇ ಹೋದೆ. ಅವನು ನನ್ನ ಗೆಳೆಯ, ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟವನು. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, ನಿವೃತ್ತನಾಗಿ ಊರಿಗೆ ಮರಳಿದವನು. ಇಬ್ಬರದೂ ಒಂದೇ ಊರು, ಹಡಗಲಿ ತಾಲ್ಲೂಕಿನಲ್ಲಿ, ಮಾಗಳದಿಂದ ಸ್ವಲ್ಪ ಆಚೆ, ಹೊಳೆಯ ದಂಡೆಯ ಮೇಲೆ. ಒಂದನೇ ಕ್ಲಾಸಿನಿಂದ ಒಂದೇ ಚಾಪೆಯ ಮೇಲೆ ಕೂತವರು. ಆದರೆ ಕಾಂಬೋಡಿಯಾದ ವಿಮಾನ ಹತ್ತುವ ಹೊತ್ತಿಗೆ ಅವನ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಸಿಟ್ಟಿಗೆ ಕಾರಣ ನಮ್ಮೂರ ಕಲ್ಲೇಶ್ವರನ ಗುಡಿ. ದೊಡ್ಡದೇನಲ್ಲ. ಒಂದು ಗರ್ಭಗುಡಿ, ಅದರ ಮುಂದೆ ಕಂಬಗಳ ಮಂಟಪ, ಅಷ್ಟೇ. ಕಂಬಗಳು ಬಳಪದ ಕಲ್ಲಿನವು, ಬಡಿಗನ ಚರಕಿಯ ಮೇಲೆ ತಿರುವಿದಂತೆ ನುಣುಪಾಗಿವೆ, ಹತ್ತಿರ ಹೋದರೆ ಮುಖ ಕಾಣುತ್ತದೆ. ಮಂಟಪದ ನಡುವೆ ತಲೆಯೆತ್ತಿ ನೋಡಿದರೆ ಒಂದು ಚಪ್ಪಡಿಯಲ್ಲಿ ಕುಣಿಯುವ ಶಿವ ಇದ್ದಾನೆ, ಸುತ್ತ ಬಾರಿಸುವವರು ಇದ್ದಾರೆ. ಮದ್ದಳೆ ಬಾರಿಸುವವನೊಬ್ಬ ತನ್ನ ಕೆಲಸ ಬಿಟ್ಟು ಕೆಳಗೆ ನಮ್ಮ ಕಡೆ ನೋಡುತ್ತಾನೆ. ಮೂವತ್ತು ವರ್ಷ ಭಾನುವಾರ ಭಾನುವಾರ ಅಲ್ಲಿ ಅಂಗಾತ ಮಲಗಿ ನಾನು ಆ ಚಪ್ಪಡಿಯನ್ನು ಬರೆದಿದ್ದೇನೆ. ಒಂದೊಂದು ಕಂಬವನ್ನೂ ನಾಲ್ಕು ಕಡೆಯಿಂದ ಬರೆದಿದ್ದೇನೆ. ಮನೆಯಲ್ಲಿ ಒಂದು ಟ್ರಂಕು ಆ ಹಾಳೆಗಳಿಂದಲೇ ತುಂಬಿದೆ.

ಇವನು ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷ. ಜೀರ್ಣೋದ್ಧಾರ ಎಂದರೆ ಇವನ ಲೆಕ್ಕದಲ್ಲಿ ಇದ್ದದ್ದನ್ನು ಕೆಡವುವುದು. ಕೆಡವಿ, ಸಿಮೆಂಟಿನ ಗುಡಿ ಕಟ್ಟಿ, ಒಳಗೆ ಟೈಲ್ಸ್ ಹಾಕಿಸಿ, ಮೇಲೆ ಬಣ್ಣ ಬಣ್ಣದ ಗೋಪುರ ಎಬ್ಬಿಸುವುದು. ಅಭಿಷೇಕದ ಹೊತ್ತಿನಲ್ಲಿ ಮೇಲಿನಿಂದ ಒಂದು ಕಲ್ಲಿನ ಚೂರು ಬಿದ್ದು ಪೂಜಾರಪ್ಪನ ಭುಜಕ್ಕೆ ಏಟಾಯಿತಂತೆ. ಅದೊಂದು ನೆಪ ಸಿಕ್ಕಿತು ಇವನಿಗೆ. ಚೂರು ಬಿದ್ದದ್ದು ನಿಜ. ಪೂಜಾರಪ್ಪ ಒಂದು ತಿಂಗಳು ಎಡಗೈಯಲ್ಲಿ ಆರತಿ ಎತ್ತಿದ್ದೂ ನಿಜ. ಆದರೆ ಅದಕ್ಕಾಗಿ ಗುಡಿಯನ್ನೇ ಕೆಡವುತ್ತಾರೆಯೇ?

ನಾನು ಪುರಾತತ್ವ ಇಲಾಖೆಗೆ ಅರ್ಜಿ ಬರೆದೆ. ನಿಮ್ಮೂರ ಗುಡಿ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಊರವರನ್ನು ಕೂರಿಸಿಕೊಂಡು ಹೇಳಿದೆ. ಅವರು ತಲೆಯಾಡಿಸಿ, ಅವನು ಹೇಳಿದ್ದಕ್ಕೂ ತಲೆಯಾಡಿಸಿದರು. ಕೊನೆಗೆ ಅವನೇ ಅಂದ, "ನಾನೂ ಬ್ಯಾಡ, ನೀನೂ ಬ್ಯಾಡ. ಹೂ ಕೇಳೋಣ."

ಹೂ ಕೇಳುವುದು ನಮ್ಮ ಕಡೆ ಹಳೆಯ ರೂಢಿ. ಮದುವೆ ಇರಲಿ, ಬಾವಿ ತೋಡುವುದಿರಲಿ, ದೊಡ್ಡ ಕೆಲಸಕ್ಕೆ ದೇವರ ಅಪ್ಪಣೆ ಬೇಕು. ಹೂವನ್ನು ನೀರಲ್ಲಿ ಅದ್ದಿ ಲಿಂಗದ ಬಲಕ್ಕೊಂದು, ಎಡಕ್ಕೊಂದು ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕಾಯುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆ ಆಯಿತು. ಎಡಗಡೆಯದು ಬಿದ್ದರೆ ಇಲ್ಲ. ಅದರ ಮೇಲೆ ಮಾತಿಲ್ಲ, ಮೇಲ್ಮನವಿಯೂ ಇಲ್ಲ. ದೇವರು ಒಲ್ಲೆ ಅಂದ ಕೆಲಸಕ್ಕೆ ಊರಲ್ಲಿ ಒಬ್ಬ ಕೂಲಿಯೂ ಗುದ್ದಲಿ ಮುಟ್ಟುವುದಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಸೋಮವಾರ ಇಳಿಹೊತ್ತಿಗೆ ಹೂ ಕೇಳುವುದೆಂದು ಗೊತ್ತಾಗಿತ್ತು. ಬೆಳಗಿನ ಅಭಿಷೇಕ ಮುಗಿದು, ಪೂಜಾರಪ್ಪ ಲಿಂಗ ಒರೆಸಿ ಊಟಕ್ಕೆ ಹೋಗಿದ್ದ. ಸುಡು ಬಿಸಿಲು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ನಾನು ಎಂದಿನಂತೆ ಹಾಳೆ, ಬಣ್ಣದ ಡಬ್ಬಿ ಹಿಡಿದು ಗುಡಿಗೆ ಹೋದೆ. ಡಬ್ಬಿಯಲ್ಲಿ ಬಣ್ಣ ಇರಲಿಲ್ಲ. ಹೆಂಡತಿ ಶೇಂಗಾ ಉಂಡಿಗೆ ಕಾಸಿದ್ದ ಬೆಲ್ಲದ ಪಾಕ ಇತ್ತು. ಗರ್ಭಗುಡಿಯ ಹೊಸ್ತಿಲು ದಾಟಿ, ಆರನೇ ನಂಬರಿನ ಬ್ರಶ್ಶಿನಿಂದ ಲಿಂಗದ ಬಲಗಡೆ ಒಂದು ಅಂಗೈ ಅಗಲ ಹಚ್ಚಿದೆ. ದೇವರ ಬಲ ಎಂದರೆ ನಮ್ಮ ಎಡ. ಅಷ್ಟು ಗಡಿಬಿಡಿಯಲ್ಲೂ ಅದನ್ನು ಎರಡು ಸಲ ಯೋಚಿಸಿಯೇ ಹಚ್ಚಿದೆ. ತೆಳ್ಳಗೆ, ಗೆರೆ ಕಾಣದಂತೆ ಹಚ್ಚುವುದನ್ನು ಮಕ್ಕಳಿಗೆ ಜೀವಮಾನವಿಡೀ ಕಲಿಸಿದ ಕೈ ಇದು, ತಪ್ಪಲಿಲ್ಲ.

ಇಳಿಹೊತ್ತಿಗೆ ಊರು ಸೇರಿತು. ಪೂಜಾರಪ್ಪ ಎರಡು ಬಿಳಿ ಕಣಗಿಲೆ ಹೂ ಅಂಟಿಸಿದ. ಗೆಳೆಯ ಟವೆಲ್ಲು ನಡುವಿಗೆ ಕಟ್ಟಿ, ಕೈ ಮುಗಿದು ಕೇಳಿದ, "ಯಪ್ಪಾ, ಹಳೇದು ತಗದು ಹೊಸದು ಕಟ್ಟಬೇಕು ಅಂತ ಮಾಡೇವಿ. ಮನಸಿದ್ರ ಬಲಕ್ಕ ಕೊಡು." ಬೀಡಿ ಸೇದುವಷ್ಟು ಹೊತ್ತಾಗಿರಬೇಕು. ಎಡಗಡೆಯ ಹೂ ಜಾರಿ ಪಾಣಿಪೀಠದ ಮೇಲೆ ಬಿತ್ತು. ಬಲಗಡೆಯದು ಅಲ್ಲಾಡಲಿಲ್ಲ. ಜನ ಉಸಿರು ಬಿಟ್ಟರು. ಇವನು ಉದ್ದಕ್ಕೆ ಅಡ್ಡಬಿದ್ದು ಎದ್ದ, ಹಣೆಗೆ ಮಣ್ಣು ಹತ್ತಿತ್ತು. ನನ್ನ ಕಡೆ ತಿರುಗಿ, "ನೀನು ಗೆದ್ದೆಪ" ಅಂದ. ನನಗೆ ಒಂಚೂರೂ ನಾಚಿಕೆಯಾಗಲಿಲ್ಲ. ಅವತ್ತು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಮೂರು ತಿಂಗಳು ಕಳೆದ ಮೇಲೆ ಇವನು ಮನೆಗೆ ಬಂದ. ಚಹಾ ಕುಡಿದು, ಕಪ್ಪುಬಸಿ ಕೆಳಗಿಟ್ಟು ಅಂದ, "ಲೇ ಮಾಸ್ತರ, ಹುಡುಗರಾಗಿದ್ದಾಗಿಂದ ಅಂಕೋರ್ ಅಂಕೋರ್ ಅಂತ ಬಡಕೊಂತಿ. ನಡಿ, ಹೋಗಿ ಬರೋಣ. ಇನ್ನ ಕಾಲು ನೆಟ್ಟಗ ಇದ್ದಾಗ ಹೋಗಬೇಕು."

ಜೋಳದ ಮೂಟೆ ಬಿಟ್ಟು ಬೇರೆ ಏನನ್ನೂ ಕಣ್ಣೆತ್ತಿ ನೋಡದವನಿಗೆ ಇದ್ದಕ್ಕಿದ್ದಂತೆ ಶಿಲ್ಪಕಲೆಯ ಮೇಲೆ ಪ್ರೀತಿ ಹುಟ್ಟಿದ್ದು ಯಾಕೆ? ನನಗೆ ಆಗಲೇ ಅನುಮಾನ. ನನ್ನನ್ನು ಊರು ಬಿಡಿಸಿ, ಹಿಂದಿನಿಂದ ಜೆಸಿಬಿ ತರಿಸುತ್ತಾನೆ. ದೇವರ ಅಪ್ಪಣೆಗೆ ಏನೋ ಪರಿಹಾರ ಮಾಡಿಸಿಕೊಂಡಿರುತ್ತಾನೆ. ಬೇಡ ಅನ್ನಬೇಕಿತ್ತು. ಆದರೆ ಕಾಂಬೋಡಿಯಾದ ಆ ಕಲ್ಲಿನ ಗುಡಿಗಳನ್ನು ನೋಡುವ ಆಸೆ ಅನುಮಾನಕ್ಕಿಂತ ಹಳೆಯದು, ಬರುತ್ತೇನೆ ಅಂದೆ. ಹೊರಡುವ ದಿನ ಹೆಂಡತಿಗೆ ತಾಕೀತು ಮಾಡಿದೆ, ದಿನಾ ಮಧ್ಯಾಹ್ನ ಗುಡಿಯ ಮುಂದೆ ನಿಂತು ಒಂದು ಫೋಟೊ ತೆಗೆದು ನನ್ನ ಫೋನಿಗೆ ಕಳಿಸಬೇಕು ಎಂದು.

"ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ? ಗುಡಿ ಎದ್ದು ಎಲ್ಲಿಗೆ ಹೊಕ್ಕೈತಿ?" ಅಂದಳು. ಆದರೂ ಕಳಿಸಿದಳು. ಒಂದು ದಿನದ ಫೋಟೊದಲ್ಲಿ ಗುಡಿಗಿಂತ ಎಮ್ಮೆಯೇ ದೊಡ್ಡದಾಗಿ ಬಂದಿತ್ತು. ಎಮ್ಮೆಯ ಹಿಂದೆ ಗುಡಿಯ ಸೂರಿನ ಅಂಚು ಕಾಣುವವರೆಗೂ ನಾನು ಅದನ್ನು ದೊಡ್ಡದು ಮಾಡಿ ನೋಡಿದೆ.

ಪ್ರಯಾಣದುದ್ದಕ್ಕೂ ಇವನು ನನ್ನ ತಲೆ ತಿಂದ. ಕೊಟ್ಟೂರಿನಲ್ಲಿ ಕೊಂಡ ಮಂಡಕ್ಕಿಯನ್ನು ವಿಮಾನದೊಳಗೆ ಬಿಚ್ಚಿ, ಆಚೆ ಕೂತ ಯಾವುದೋ ದೇಶದ ಹೆಂಗಸಿಗೂ ಒಂದು ಹಿಡಿ ಕೊಟ್ಟ. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು, ಪಾಪ. ಹೋಟೆಲಿನಲ್ಲಿ ಊರಿಂದ ತಂದ ಕಟಕ ರೊಟ್ಟಿ ಮುರಿದು ಗಾಜಿನ ಮೇಜಿನ ಮೇಲೆಲ್ಲ ಚೂರು ಮಾಡಿದ. ಅಂಕೋರ್‌ವಾಟ್‌ನ ಕಂದಕ ದಾಟಿ, ಐದು ಗೋಪುರ ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಾನು ನಡುದಾರಿಯಲ್ಲೇ ನಿಂತುಬಿಟ್ಟೆ. ನಲವತ್ತು ವರ್ಷ ಪುಸ್ತಕದಲ್ಲಿ ನೋಡಿ ನೋಡಿ ಬರೆದದ್ದು ಎದುರಿಗೇ ನಿಂತಿತ್ತು. ಪಕ್ಕದಲ್ಲಿ ಇವನು ಫೋನು ಕಿವಿಗೆ ಒತ್ತಿಕೊಂಡು, "ಜೋಳದಾಗ ತೇವ ಎಷ್ಟು ಐತಿ ನೋಡಲೇ ಮದ್ಲ, ಆಮ್ಯಾಲೆ ರೇಟ್ ಹೇಳು" ಎಂದು ಕೂಗುತ್ತಿದ್ದ. ಅವನ ಫೋನನ್ನು ಕಸಿದು ಕಂದಕಕ್ಕೆ ಎಸೆಯುವಷ್ಟು ಸಿಟ್ಟು ಬಂತು.

ಅದಕ್ಕಿಂತ ಕೆಟ್ಟದ್ದು ಅವನ ಒಂದೇ ಮಾತು, "ಇದು ನಮ್ಮೂರಾಗೂ ಐತಿ." ಗೋಡೆಯ ಮೇಲೆ ಸಮುದ್ರ ಕಡೆಯುವ ದೇವತೆಗಳ ಸಾಲು ನೋಡಿ, ಬಾಗಳಿಯಲ್ಲಿ ಇಂಥದ್ದೇ ಐತಿ ಅಂದ. ಬಾಗಳಿಯ ಗುಡಿಯನ್ನು ಇವನು ಒಳಗೆ ಹೊಕ್ಕು ನೋಡಿದ್ದು ನನಗೆ ಗೊತ್ತಿಲ್ಲ. ಅದಿರುವುದು ಹರಪನಹಳ್ಳಿಯ ಮಗ್ಗುಲಲ್ಲೇ. ನಮ್ಮೂರಾಗ ಇದ್ದದ್ದನ್ನು ಕೆಡವಲು ಹೊರಟವನು ನೀನೇ ಅಲ್ಲವೇ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಎರಡನೆಯ ದಿನ ಮರಗಳು ಹೊಕ್ಕ ಗುಡಿಗೆ ಹೋದೆವು. ಗೋಡೆಯ ಮೇಲೆ ಬೇರು ಇಳಿದು, ಬಾಗಿಲನ್ನೇ ಹಿಡಿದು ಕೂತಿದೆ. ಪ್ರವಾಸಿಗಳು ಸಾಲುಹಿಡಿದು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಇವನಿಗೆ ಪಾಠ ಹೇಳುವ ಹುಮ್ಮಸ್ಸಿನಲ್ಲಿದ್ದೆ. ನೋಡು, ಬಿದ್ದದ್ದನ್ನೂ ಹೇಗೆ ಉಳಿಸಿಕೊಂಡಿದ್ದಾರೆ, ಯಾರೂ ಕೆಡವಿ ಟೈಲ್ಸ್ ಹಾಕಿಲ್ಲ ಅಂದೆ.

ಇವನು ಬಹಳ ಹೊತ್ತು ತಲೆಯೆತ್ತಿ ನೋಡಿದ. "ಪೂಜಿ ನಿಂತ್ರ ಹಿಂಗಾಕ್ಕೈತಿ ನೋಡು. ದೇವರಿಲ್ಲ, ಪೂಜಾರಿ ಇಲ್ಲ, ಮರ ಬಂದು ಕುಂತೈತಿ," ಅಂದ.

ಇಷ್ಟು ದೂರ ಕರೆತಂದು ತೋರಿಸಿದರೂ ಇವನಿಗೆ ಕಂಡದ್ದು ಇಷ್ಟೇ. ಅವತ್ತು ಮಧ್ಯಾಹ್ನ ಅವನ ಜೊತೆ ಊಟಕ್ಕೂ ಕೂರಲಿಲ್ಲ, ಬೇರೆ ಮೇಜಿಗೆ ಹೋದೆ. ಅವನು ಎರಡು ಸಲ ಕರೆದು ಸುಮ್ಮನಾದ.

ಊಟದ ನಂತರ ಗೈಡು, ಇಂಗ್ಲಿಷ್ ಬಲ್ಲ ಒಬ್ಬ ಹೆಣ್ಣುಮಗಳು, ರಿಪೇರಿ ನಡೆಯುತ್ತಿದ್ದ ಒಂದು ಗುಡಿಗೆ ಕರೆದುಕೊಂಡು ಹೋದಳು. ಅಂಗಳದ ತುಂಬ ಕಲ್ಲುಗಳನ್ನು ಸಾಲಾಗಿ ಹರವಿದ್ದರು. ಒಂದೊಂದು ಕಲ್ಲಿನ ಮೇಲೂ ಬಣ್ಣದಲ್ಲಿ ನಂಬರು. ಇವನು ನಿಂತುಬಿಟ್ಟ. "ಯಾಕ ನಂಬರ್ ಹಾಕ್ಯಾರ, ಕೇಳು," ಅಂದ.

ಇವನಿಗೆ ಇಂಗ್ಲಿಷ್ ಬಾರದು. ಅವಳು ಏನು ಹೇಳಿದರೂ ನನ್ನ ಬಾಯಿಂದಲೇ ಅವನಿಗೆ ತಲುಪಬೇಕು. ಅವಳು ವಿವರವಾಗಿ ಹೇಳಿದಳು. ಬೀಳುವ ಸ್ಥಿತಿಯಲ್ಲಿದ್ದ ಗೋಡೆಯನ್ನು ಒಂದೊಂದೇ ಕಲ್ಲಾಗಿ ಬಿಚ್ಚುತ್ತಾರೆ, ನಂಬರು ಹಾಕುತ್ತಾರೆ, ಬುನಾದಿ ಗಟ್ಟಿ ಮಾಡಿ ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸುತ್ತಾರೆ, ಹಳೆಯ ಚಿತ್ರಗಳಿದ್ದರೆ ಬಹಳ ಅನುಕೂಲ. ನಾನು ಕೇಳಿ ಇವನ ಕಡೆ ತಿರುಗಿದೆ. ಬಿಚ್ಚುವುದು ಎಂಬ ಶಬ್ದವೇ ಇವನ ಕಿವಿಗೆ ಬೀಳಬಾರದು ಅನಿಸಿತು. ಬಿಚ್ಚುವುದಕ್ಕೊಂದು ದಾರಿ ಸಿಕ್ಕರೆ ಮತ್ತೆ ಕಟ್ಟುತ್ತಾನೆಂದು ನನಗೆ ನಂಬಿಕೆಯಿಲ್ಲ.

"ಕಳುವಾಗಬಾರದು ಅಂತ ನಂಬರ್ ಹಾಕ್ಯಾರಂತ," ಅಂದೆ.

"ಅಷ್ಟುದ್ದ ಹೇಳಿದ್ಳು, ನೀನು ಇಷ್ಟಕ್ಕ ಮುಗಿಸಿಬಿಟ್ಟಿ," ಅಂದ. ಆಮೇಲೆ ನನ್ನನ್ನು ಬಿಟ್ಟು, ಅಲ್ಲಿ ಕೆಲಸ ಮಾಡುತ್ತಿದ್ದ ಮುದುಕನ ಹತ್ತಿರ ಹೋದ. ಇವನಿಗೆ ಅವನ ಮಾತು ಬಾರದು, ಅವನಿಗೆ ಇವನದು ಬಾರದು. ಆದರೆ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುವವನಿಗೆ ಮಾತು ಯಾಕೆ ಬೇಕು? ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಕಲ್ಲು ಮುಟ್ಟಿ, ಗೋಡೆ ತೋರಿಸಿ, ಬೆರಳು ಎಣಿಸಿ, ನಕ್ಕರು. ಮುದುಕ ಎರಡು ಚೂರು ಕಲ್ಲನ್ನು ಎತ್ತಿ ಇಳಿಸಿ ಮತ್ತೆ ಅದೇ ಜಾಗಕ್ಕೆ ಕೂರಿಸಿ ತೋರಿಸಿದ. ಇವನು ಎದ್ದು ಬಂದು ನನಗೆ ಏನೂ ಹೇಳಲಿಲ್ಲ. ನಾನು ಮರದ ನೆರಳಿಗೆ ಹೋಗಿ ಫೋನು ತೆಗೆದೆ. ಆ ದಿನದ ಫೋಟೊ ಬಂದಿತ್ತು, ಗುಡಿ ಇತ್ತು.

ಕೊನೆಯ ದಿನ ಮತ್ತೆ ದೊಡ್ಡ ಗುಡಿಗೇ ಹೋಗಬೇಕು ಎಂದು ಹಟ ಹಿಡಿದವನು ಇವನು. ಒಂದು ಪಡಸಾಲೆಯ ಕೊನೆಯಲ್ಲಿ ತಲೆಯಿಲ್ಲದ ಒಂದು ವಿಗ್ರಹ ನಿಂತಿತ್ತು. ಅದಕ್ಕೆ ಹಳದಿ ಬಟ್ಟೆ ಸುತ್ತಿದ್ದರು. ತಲೆ ಬೋಳಿಸಿಕೊಂಡ ಮುದುಕಿಯೊಬ್ಬಳು ಬಿಳಿ ಸೀರೆಯಂಥದ್ದು ಉಟ್ಟು, ಬಂದವರಿಗೆ ಊದುಬತ್ತಿ ಕೊಡುತ್ತಾ ಕೂತಿದ್ದಳು. ಪಕ್ಕದಲ್ಲಿ ಒಂದು ಬುಟ್ಟಿ ತಾವರೆ. ಇವನು ಚಪ್ಪಲಿ ಬಿಟ್ಟು, ಅವಳಿಗೆ ಕೈ ಮುಗಿದು, ಬುಟ್ಟಿಯ ಕಡೆ ಕೈ ತೋರಿಸಿದ. ಅವಳು ಒಂದು ಹೂ ಕೊಟ್ಟಳು. ಇವನು ಅದರಿಂದ ಎರಡು ಎಸಳು ಕಿತ್ತು, ಕುಡಿಯುವ ನೀರಿನ ಬಾಟಲಿಗೆ ಅದ್ದಿದ. ಆಗ ನನಗೆ ತಿಳಿಯಿತು.

"ಏನ್ ಮಾಡಾಕ ಹತ್ತೀಯಲೇ?" ಅಂದೆ.

"ಹೂ ಕೇಳ್ತೀನಿ."

"ಭಿನ್ನ ಆದ ಮೂರ್ತಿಗೆ ಪೂಜಿ ಮಾಡಬಾರದು ಅಂತ ಊರಿಗೆಲ್ಲ ಹೇಳಾವ ನೀನು. ಇದಕ್ಕ ತಲಿನೇ ಇಲ್ಲ. ಶಿವನೋ ವಿಷ್ಣುನೋ ಅದೂ ಗೊತ್ತಿಲ್ಲ."

"ತಲಿ ಇಲ್ಲದಿದ್ರ ಏನಾತು, ಭುಜ ಅದಾವಲ್ಲ. ಈಕಿ ಪೂಜಿ ಮಾಡಾಕ ಹತ್ತ್ಯಾಳ. ಪೂಜಿ ಐತಿ ಅಂದ್ರ ದೇವರು ಐತಿ," ಅಂದ.

ಬಲ ಭುಜಕ್ಕೊಂದು, ಎಡ ಭುಜಕ್ಕೊಂದು ಎಸಳು ಅಂಟಿಸಿದ. ಮುದುಕಿ ಬೇಡ ಅನ್ನಲಿಲ್ಲ, ಕುತೂಹಲದಿಂದ ನೋಡುತ್ತಾ ಕೂತಳು. ಇವನು ಕಣ್ಣು ಮುಚ್ಚಿ ಕೈ ಮುಗಿದ. ಊರಲ್ಲಿ ಗಟ್ಟಿಯಾಗಿ ಕೇಳಿದ್ದವನು ಇಲ್ಲಿ ತುಟಿಯಷ್ಟೇ ಅಲ್ಲಾಡಿಸಿದ.

ನನ್ನ ಸಿಟ್ಟು ನೆತ್ತಿಗೇರಿತು. ಇದಕ್ಕೇ ಅಲ್ಲವೇ ಇಷ್ಟು ದೂರ ಬಂದದ್ದು? ನಮ್ಮೂರ ದೇವರು ಒಲ್ಲೆ ಅಂದ, ಅದಕ್ಕೆ ಈ ಊರ ದೇವರ ಅಪ್ಪಣೆ ತಗೊಂಡು ಹೋಗಿ ಗುಡಿ ಕೆಡವುತ್ತಾನೆ. ಅಂಕೋರಿನ ದೇವರೇ ಬಲಕ್ಕೆ ಕೊಟ್ಟ ಎಂದು ಊರಲ್ಲಿ ಸಾರುತ್ತಾನೆ, ಊರು ನಂಬುತ್ತದೆ. ಬಲಗಡೆಯ ಎಸಳು ಆಗಲೇ ತುದಿ ಬಿಚ್ಚಿಕೊಂಡಿತ್ತು. ಇನ್ನೊಂದು ಗಳಿಗೆಗೆ ಬೀಳುವಂತಿತ್ತು. ನಾನು ಮುಂದೆ ಹೋಗಿ, ಎರಡನ್ನೂ ಒಂದೇ ಸಲ ಕೈಯಿಂದ ಬಳಿದು ಕೆಳಗೆ ಹಾಕಿದೆ.

ಮುದುಕಿ ಏನೋ ಅಂದು ಎದ್ದು ನಿಂತಳು. ಇವನು ಕಣ್ಣು ಬಿಟ್ಟ. ನೆಲದ ಮೇಲಿನ ಎಸಳು ನೋಡಿದ, ನನ್ನ ಒದ್ದೆ ಕೈ ನೋಡಿದ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಬೈಯಲು ನನ್ನ ಹತ್ತಿರವೂ ಬೇಕಾದಷ್ಟು ಇತ್ತು. ಅವನು ಬೈಯಲಿಲ್ಲ.

"ನಾನು ಏನು ಕೇಳಿದೆ ಗೊತ್ತೇನು?" ಅಂದ.

"ಗೊತ್ತೈತಿ. ಗುಡಿ ಕೆಡವಲೇನು ಅಂತ."

"ಅಲ್ಲ. ಊರಿಗೆ ಹೋಗೂದ್ರೊಳಗ ಇವನು ನನಗ ನಿಜ ಹೇಳ್ತಾನೇನು ಅಂತ ಕೇಳಿದೆ. ಹೇಳಂಗಿದ್ರ ಬಲಕ್ಕ ಕೊಡು ಅಂದೆ."

ನನಗೆ ಅರ್ಥವಾಯಿತು. ಅರ್ಥವಾಗದವನಂತೆ ನಿಂತೆ. ಇವನು ಬಗ್ಗಿ ಎಸಳು ಎರಡನ್ನೂ ಎತ್ತಿ, ಮುದುಕಿಯ ಬುಟ್ಟಿಯ ಪಕ್ಕಕ್ಕೆ ಇಟ್ಟು, ಅವಳಿಗೆ ಮತ್ತೆ ಕೈ ಮುಗಿದ. ಆಮೇಲೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ನಾನೂ ಹೋದೆ, ಪಕ್ಕದಲ್ಲಿ ಕೂರಲು ಧೈರ್ಯವಾಗದೆ ಒಂದು ಮೆಟ್ಟಿಲು ಕೆಳಗೆ ಕೂತೆ.

"ಹೂ ಕೇಳಿದ ಮರುದಿನ ಪೂಜಾರಪ್ಪ ಫೋನ್ ಮಾಡಿದ್ದ," ಅಂದ. "ಯಜಮಾನ್ರ, ದೇವರ ಬಲಗಡೀಗೆ ಇರುವಿ ಸಾಲು ಹಿಡದಾವು, ಎಡಗಡೀಗೆ ಒಂದೂ ಇಲ್ಲ ಅಂದ. ಹೋಗಿ ನೋಡಿದೆ. ಬೆರಳಿಲೆ ಮುಟ್ಟಿ ನಾಲಿಗಿಗೆ ಹಚ್ಚಿ ನೋಡಿದೆ. ಬೆಲ್ಲ. ನಟ್ಟ ನಡು ಮಧ್ಯಾಹ್ನ ಗುಡಿಯೊಳಗ ಕುಂದ್ರಾವ ಊರಾಗ ನೀನೊಬ್ಬನೇ ಅದೀ. ಪೂಜಾರಪ್ಪಗ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿ, ಬಿಸಿನೀರಿಲೆ ತೊಳಿಸಿದೆ."

ಇರುವೆಯ ಯೋಚನೆ ನನಗೆ ಬಂದೇ ಇರಲಿಲ್ಲ. ಬಲ ಎಡ ಎರಡೆರಡು ಸಲ ಯೋಚಿಸಿದವನಿಗೆ ಬೆಲ್ಲಕ್ಕೆ ಇರುವೆ ಬರುತ್ತದೆ ಎಂಬುದು ಹೊಳೆಯಲಿಲ್ಲ.

"ನೀನಾಗಿ ಹೇಳ್ತೀ ಅಂತ ಮೂರು ತಿಂಗಳು ಕಾದೆ. ಊರಾಗ ಹೇಳಾಕ ನಾಚಿಕಿ ಆಗತೈತೇನೋ ಅಂತ ಇಷ್ಟು ದೂರ ಕರ್ಕೊಂಡು ಬಂದೆ. ಇಲ್ಲಿ ನಮ್ಮ ಮಾತು ತಿಳಿಯಾವರು ಯಾರೂ ಇಲ್ಲ. ಆದ್ರ ನೀನು ದಿನಾ ಆ ಫೋಟೊ ನೋಡಿಕೊಂತ ಕುಂತಿ. ನಾನೇನು ಕಳ್ಳ ಏನಲೇ?"

"ಗುಡಿ ಕೆಡವ್ತೀನಿ ಅಂದಾವ ನೀನೇ ಅಲ್ಲೇನು," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಹೌದು. ಪೂಜಾರಪ್ಪನ ಭುಜ ಮುರದಿತ್ತು, ನಾಳೆ ಅವನ ತಲಿ ಒಡೀತೈತಿ ಅಂತ ಹೇಳಿದ್ದೆ. ನನಗ ಬ್ಯಾರೆ ದಾರಿ ಗೊತ್ತಿದ್ದಿಲ್ಲ. ಮನ್ನೆ ಆ ಮುದುಕ ತೋರಿಸಿದ. ನಂಬರ್ ಹಾಕಿ ಬಿಚ್ಚಬೇಕು, ಹಂಗ ಕುಂದ್ರಸಬೇಕು. ಕಳುವಿಗೆ ಅಂತ ಹೇಳಿದ್ಯಲ್ಲ ನನಗ?" ಅಂದ. "ನಿನ್ನ ಟ್ರಂಕಿನಾಗ ಒಂದೊಂದು ಕಲ್ಲಿನ ಚಿತ್ರ ಐತಿ. ನೀನು ನಂಬರ್ ಬರದ್ರ ನಮ್ಮ ಗುಡಿ ಹಂಗ ಬಿಚ್ಚಿ ಹಂಗ ಕಟ್ಟಬೌದು. ಆದ್ರ ಈಗ ಯಾರು ಮುಟ್ತಾರ? ದೇವರು ಒಲ್ಲೆ ಅಂದಾನ. ಊರಿನ ಮಟ್ಟಿಗೆ ಅದು ದೇವರ ಮಾತು. ನಾನು ಹೋಗಿ ಸುಳ್ಳು ಅಂದ್ರ ನಂಬಂಗಿಲ್ಲ, ಅಧ್ಯಕ್ಷ ಕಟ್ಟಾಕ ಕಥಿ ಕಟ್ಟ್ಯಾನ ಅಂತಾರ. ಅದನ್ನ ಹಚ್ಚಿದಾವನೇ ಹೇಳಬೇಕು."

ನಾನು ಹೇಳುತ್ತೇನೆ ಅನ್ನಲಿಲ್ಲ. ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಅವನು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಗೈಡಿನ ಕಡೆ ನಡೆದ. ವಾಪಸು ಬರುವಾಗ ವಿಮಾನದಲ್ಲಿ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟ. ಅದು ನನಗೆ ಬೈದಿದ್ದರೆ ತಾಕುತ್ತಿದ್ದುದಕ್ಕಿಂತ ಜಾಸ್ತಿ ತಾಕಿತು, ಅದಕ್ಕೂ ಅವನ ಮೇಲೆ ಸಿಟ್ಟು ಬಂತು. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, "ಬರ್ತೀನಿ" ಎಂದು ಹೇಳದೆ ಅಂಗಡಿಯ ಕಡೆ ಹೋದ.

ಆಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ. ಊರಿಗೆ ಬಂದರೂ ಗುಡಿಗೆ ಹೋಗಿ ಹಾಗೇ ತಿರುಗಿ ಹೋಗುತ್ತಿದ್ದ. ಹೆಂಡತಿ ಕೇಳಿದಳು, "ಅವರ ಜೊತಿ ಏನ್ ಜಗಳಾ ಮಾಡಿಕೊಂಡು ಬಂದ್ರಿ?" ಏನೂ ಇಲ್ಲ ಅಂದೆ. ಪೂಜಾರಪ್ಪ ಎದುರು ಸಿಕ್ಕಾಗ ಬಹಳ ಮರ್ಯಾದೆಯಿಂದ, "ಆರಾಮ ಅದೀರೇನ್ರಿ ಮೇಷ್ಟ್ರ?" ಅನ್ನುತ್ತಿದ್ದ. ಅವನ ಬಲ ಭುಜ ಇನ್ನೂ ಸ್ವಲ್ಪ ತಗ್ಗಿದೆ ಎಂಬುದನ್ನು ನಾನು ಆಗಷ್ಟೇ ಗಮನಿಸಿದೆ. ಅಷ್ಟು ವರ್ಷ ಕಲ್ಲಿನ ಭುಜಗಳನ್ನು ಅಳತೆ ಹಿಡಿದು ಬರೆದಿದ್ದೆ, ಅವನ ಭುಜ ನೋಡಿರಲಿಲ್ಲ.

ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ಸೋಮವಾರ ಆರತಿಗೆ ಜನ ಸೇರಿದಾಗ ಹೇಳೋಣ ಎಂದು ಹೋಗುತ್ತಿದ್ದೆ. ಅಲ್ಲಿ ಯಾರಾದರೂ ಪರವೂರಿನವರಿಗೆ, "ನಮ್ಮ ಕಲ್ಲಪ್ಪ ಬಾಳ ಸತ್ಯದ ದೇವರ್ರಿ, ಹೊಸ ಗುಡಿ ಒಲ್ಲೆ ಅಂತ ಎಡಕ್ಕ ಹೂ ಕೊಟ್ಟಾನ" ಎಂದು ಹೇಳುತ್ತಿದ್ದರು. ಕೇಳಿದವರು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದರು. ನನ್ನ ಬೆಲ್ಲ ಅವರ ಬಾಯಲ್ಲಿ ಪವಾಡವಾಗಿತ್ತು. ನಾನು ಬಾಯಿ ಮುಚ್ಚಿಕೊಂಡು, ತೀರ್ಥ ತಗೊಂಡು ಬರುತ್ತಿದ್ದೆ.

ಮಳೆ ಶುರುವಾಯಿತು. ನಾಲ್ಕು ದಿನ ಬಿಡದೆ ಹಿಡಿದು ಐದನೆಯ ದಿನ ಹೊಳವಾಯಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಗುಡಿಯ ಕಡೆಯಿಂದ ದಪ್ಪ ಸದ್ದು ಕೇಳಿಸಿತು. ಓಡಿದೆ. ಪೂಜಾರಪ್ಪ ನೀರಿನ ಕೊಡ ಹಿಡಿದು ಬಾಗಿಲ ಹೊರಗೆ ನಿಂತಿದ್ದ. ಹೊಳೆಯಿಂದ ಬರಲು ಹತ್ತು ಹೆಜ್ಜೆ ತಡವಾಗಿದ್ದಕ್ಕೆ ಉಳಿದಿದ್ದ. ಮಂಟಪದ ನಡುವಿನ ಚಪ್ಪಡಿ ಕೆಳಗೆ ಬಿದ್ದು ಮೂರು ತುಂಡಾಗಿತ್ತು. ಕುಣಿಯುವ ಶಿವ ನಡುವಿಗೆ ಮುರಿದಿದ್ದ. ನಮ್ಮ ಕಡೆ ನೋಡುತ್ತಿದ್ದ ಮದ್ದಳೆಯವನು ಮುಖ ಕೆಳಗಾಗಿ ಬಿದ್ದಿದ್ದ. ಮೇಲೆ ಚೌಕಾಕಾರದ ಆಕಾಶ ಕಾಣುತ್ತಿತ್ತು.

ಊರು ಸೇರಿತು. ಗೆಳೆಯನಿಗೆ ಯಾರೋ ಫೋನು ಮಾಡಿದ್ದರು, ಹರಪನಹಳ್ಳಿಯಿಂದ ಜೀಪು ಮಾಡಿಕೊಂಡು ಬಂದ. ಹಿರಿಯರು ಎಲ್ಲ ದೇವರ ಇಚ್ಛೆ ಎಂದು ಅನ್ನುತ್ತಾ ನಿಂತಿದ್ದರು. ತುಂಡುಗಳನ್ನು ಹೊಳೆಗೆ ಬಿಡಬೇಕು, ಭಿನ್ನ ಆದದ್ದು ಗುಡಿಯೊಳಗೆ ಇರಬಾರದು ಎಂದು ಒಬ್ಬರು ಹೇಳಿದರು. ಇಬ್ಬರು ಹಾರೆ ತರಲು ಹೊರಟರು. ಅವನು ಒಳಗೆ ಬಂದು ತುಂಡು ನೋಡಲಿಲ್ಲ, ನನ್ನ ಮುಖ ನೋಡಿದ.

ನನ್ನ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ ಇರುತ್ತದೆ, ನಿವೃತ್ತನಾದರೂ ಹೋಗದ ಚಟ. ತೆಗೆದು, ಮೊಣಕಾಲೂರಿ, ಮೊದಲನೆಯ ತುಂಡಿನ ಅಂಚಿನಲ್ಲಿ ಒಂದು ಎಂದು ಬರೆದೆ.

"ಏನ್ ಬರೀತೀರ್ರಿ ಮೇಷ್ಟ್ರ?" ಎಂದು ಹಾರೆ ಹಿಡಿದು ಬಂದವನು ಕೇಳಿದ. "ಮುಟ್ಟಬ್ಯಾಡ್ರಿ, ಅಪ್ಪಣಿ ಇಲ್ಲ."

ನಾನು ಎರಡನೆಯ ತುಂಡಿಗೆ ಎರಡು ಎಂದು ಬರೆದು ಎದ್ದು ನಿಂತೆ.

"ಅಪ್ಪಣಿ ಇಲ್ಲ ಅಂದಾವ ಕಲ್ಲಪ್ಪ ಅಲ್ಲ," ಅಂದೆ. "ನಾನು. ಬಲಗಡಿ ಹೂ ಬೀಳದಂಗ ಲಿಂಗಕ್ಕ ನಾನು ಬೆಲ್ಲ ಹಚ್ಚಿದ್ದೆ."

ಹಾರೆ ಹಿಡಿದವನು ಅದನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದ, ನನ್ನನ್ನು ಮುಟ್ಟಿದರೆ ಮೈಲಿಗೆ ಆಗುವಂತೆ. ಹಿಂದಿನಿಂದ ಒಬ್ಬ ಹೆಂಗಸು ಥೂ ಎಂದು ಉಗಿದದ್ದು ಕೇಳಿಸಿತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ನಡೆದುಬಿಟ್ಟಳು. ಪೂಜಾರಪ್ಪ ನೀರಿನ ಕೊಡವನ್ನು ಅಲ್ಲೇ ಕೆಳಗಿಟ್ಟು ಕೂತ.

ಗೆಳೆಯ ನನ್ನ ಹತ್ತಿರ ಬಂದ. ಹೆಗಲ ಮೇಲೆ ಕೈ ಹಾಕುತ್ತಾನೆ ಎಂದುಕೊಂಡೆ. ಹಾಕಲಿಲ್ಲ. ನನ್ನ ಕೈಯಿಂದ ಜಾರಿ ಬಿದ್ದಿದ್ದ ಸೀಮೆಸುಣ್ಣವನ್ನು ಎತ್ತಿ ಕೊಟ್ಟು, ಮದ್ದಳೆಯವನಿದ್ದ ತುಂಡನ್ನು ಕಾಲ ತುದಿಯಿಂದ ತೋರಿಸಿದ.

"ಮೂರನೇದಕ್ಕ ಬರಿ," ಅಂದ.